ಗಿರಾಕಿ ಕಡಿಮೆ ಆದಾಗ ಮೊದಲು ಏನು ಕಡಿಮೆ ಮಾಡ್ಬೇಕು? ಹೋಟೆಲ್ ನಡೆಸೋರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ಮಡಿಕೇರಿ-ಕುಶಾಲನಗರ ರೋಡಲ್ಲಿ ನಮ್ದು ಊಟ-ತಿಂಡಿ ಹೋಟೆಲ್. ಶನಿವಾರ ಭಾನುವಾರ ಪರವಾಗಿಲ್ಲ, ಸೋಮವಾರದಿಂದ ಗುರುವಾರದ ತನಕ ಟೇಬಲ್ ಖಾಲಿ. ಟೂರಿಸ್ಟ್ ಬಂದ್ರೂ ಮೊದಲಿನ ಹಾಗೆ ಕೈ ಬಿಚ್ಚಲ್ಲ, ನಾಲ್ಕು ಜನ ಕೂತ್ಕೊಂಡು ಎರಡು ಊಟ ಹೇಳಿ ಹಂಚ್ಕೊಂಡು ತಿಂತಾರೆ. ಊಟಕ್ಕೆ 20 ಪರ್ಸೆಂಟ್ ರೇಟ್ ಇಳಿಸಿ ದೊಡ್ಡ ಬೋರ್ಡ್ ಹಾಕೋಣ, ಇಬ್ಬರು ಸಪ್ಲೈಯರ್‌ನ ಬಿಡಿಸೋಣ ಅಂತ ಇದ್ದೀನಿ. ಸರಿನಾ?
— ಹೋಟೆಲ್ ಮಾಲೀಕರು, ಸುಂಟಿಕೊಪ್ಪ

ಉತ್ತರ: ಎರಡೂ ಈಗಲೇ ಬೇಡ ಸರ್. ಮೊದಲು ಒಂದು ಲೆಕ್ಕ ಹಾಕಿ ನೋಡಿ. ನಿಮ್ಮ ಊಟ 120 ರೂಪಾಯಿ ಅಂತ ಇಟ್ಕೊಳ್ಳೋಣ, ಅಕ್ಕಿ, ಬೇಳೆ, ತರಕಾರಿ, ಎಣ್ಣೆ, ಗ್ಯಾಸ್ ಎಲ್ಲಾ ಸೇರಿ 48 ಆಗುತ್ತೆ, ಉಳಿಯೋದು 72, ಬಾಡಿಗೆ, ಸಂಬಳ, ಕರೆಂಟ್ ಬಿಲ್ ಎಲ್ಲಾ ಹೋಗ್ಬೇಕಾಗಿರೋದು ಆ 72ರಲ್ಲೇ. 20 ಪರ್ಸೆಂಟ್ ಇಳಿಸಿದ್ರೆ ಊಟ 96ಕ್ಕೆ ಬಂತು, ಕೈಲಿ ಉಳಿಯೋದು 48. ದಿನಕ್ಕೆ 100 ಊಟ ಹೋಗ್ತಿದ್ದ ಕಡೆ ಅದೇ ದುಡ್ಡು ಕಾಣ್ಬೇಕು ಅಂದ್ರೆ 150 ಊಟ ಹೋಗ್ಬೇಕು. ರೋಡಲ್ಲಿ ಗಾಡಿನೇ ಕಮ್ಮಿ ಇರೋವಾಗ ಇನ್ನೂ 50 ಜನ ಎಲ್ಲಿಂದ ಬರ್ತಾರೆ? ನೀವು ಇಳಿಸಿದ ಮರುದಿನ ಎದುರುಗಡೆ ಹೋಟೆಲ್‌ನೋರೂ ಇಳಿಸ್ತಾರೆ, ಆಮೇಲೆ ಇಬ್ಬರಿಗೂ ಏರಿಸೋಕೆ ಧೈರ್ಯ ಬರಲ್ಲ.

ನಾಲ್ಕು ಜನಕ್ಕೆ ಎರಡು ಊಟ ಅಂತ ಬರೆದಿದ್ದೀರಲ್ಲ, ದಾರಿ ಅಲ್ಲೇ ಇದೆ. 120ರ ಊಟ ಹಾಗೇ ಇರ್ಲಿ. ಅದರ ಪಕ್ಕದಲ್ಲಿ 80 ರೂಪಾಯಿಗೆ ಒಂದು ಮಿನಿ ಊಟ ಇಡಿ, ಅನ್ನ, ಸಾರು, ಒಂದು ಪಲ್ಯ, ಹಪ್ಪಳ, ಮಜ್ಜಿಗೆ. ಅದಕ್ಕೆ ಖರ್ಚು 28 ಆಯ್ತು ಅಂದ್ರೂ 52 ಉಳಿಯುತ್ತೆ. ಈಗ ಆ ಟೇಬಲಿಂದ ನಿಮಗೆ ಉಳೀತಿರೋದು 144. ನಾಲ್ಕು ಜನ ನಾಲ್ಕು ಮಿನಿ ಊಟ ತಗೊಂಡ್ರೆ 208. ಅವರಿಗೂ ಒಂದೇ ತಟ್ಟೆಗೆ ಕೈ ಹಾಕೋ ಮುಜುಗರ ಇಲ್ಲ. ಆದ್ರೆ ದೊಡ್ಡ ಊಟದ ಅಳತೆ, ಎಣ್ಣೆ, ಅಕ್ಕಿ ಇದ್ಯಾವುದನ್ನೂ ಮುಟ್ಬೇಡಿ, ಅಕ್ಕಿ ಬದಲಾಗಿದ್ದು ದಿನಾ ಬರೋ ಗಿರಾಕಿಗೆ ಮೊದಲ ತುತ್ತಲ್ಲೇ ಗೊತ್ತಾಗುತ್ತೆ.

ಕಡಿಮೆ ಮಾಡೋದಾದ್ರೆ ಮೆನು ಕಡಿಮೆ ಮಾಡಿ. ಒಂದು ತಿಂಗಳ ಬಿಲ್ ಬುಕ್ ತಗೊಂಡು ಕೂತು ಯಾವ ಐಟಂ ಎಷ್ಟು ಹೋಗಿದೆ, ಒಂದೊಂದರಲ್ಲೂ ರೂಪಾಯಿ ಲೆಕ್ಕದಲ್ಲಿ ಎಷ್ಟು ಉಳೀತು ಅಂತ ಬರೀರಿ. ಹೋಗೋದೂ ಕಮ್ಮಿ, ಉಳಿಯೋದೂ ಕಮ್ಮಿ ಅನ್ನೋದನ್ನೆಲ್ಲ ಹೊಡೆದು ಹಾಕಿ. ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಕಸವಾನಾ, ಸ್ಮಿತ್ ಅನ್ನೋ ಇಬ್ಬರು 1982ರಲ್ಲೇ ಇದನ್ನ ಒಂದು ಪದ್ಧತಿ ಮಾಡಿ ಕೊಟ್ಟಿದ್ದಾರೆ, ಇವತ್ತಿಗೂ ದೊಡ್ಡ ಹೋಟೆಲ್‌ಗಳು ನೋಡೋದು ಇದನ್ನೇ. ಫ್ರೀಜರಲ್ಲಿ ಗೋಬಿ, ಪನೀರು, ನೂಡಲ್ಸು ಅಂತ ತುಂಬಿಸಿಟ್ಟು ಕರೆಂಟ್ ಕಟ್ಟೋ ಬದಲು ಅಕ್ಕಿ ರೊಟ್ಟಿ, ನೂಪುಟ್ಟು (ಅಕ್ಕಿ ಶಾವಿಗೆ), ಕಡಂಬುಟ್ಟು (ಅಕ್ಕಿ ತರಿಯ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು), ಕೋಳಿ ಸಾರು ಇಷ್ಟನ್ನ ಚೆನ್ನಾಗಿ ಮಾಡಿ. ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಾಕಿದ ಪಂದಿ ಕರಿ ಬೆಂಗಳೂರಿನವರಿಗೆ ಊರಲ್ಲಿ ದಿನಾ ಸಿಗಲ್ಲ, ಗೋಬಿ ಮಂಚೂರಿ ಮನೆ ಮುಂದೆನೇ ಸಿಗುತ್ತೆ.

ಇನ್ನು ಹುಡುಗರ ವಿಷಯ, ಇದನ್ನ ಸ್ವಲ್ಪ ಮನಸ್ಸಿಟ್ಟು ಓದಿ. ವ್ಯಾಪಾರ ಬಿದ್ದಾಗ ನಮ್ಮ ಕಡೆ ಸುಮಾರು ಮಾಲೀಕರು ಗಲ್ಲಾ ಬಿಟ್ಟು ಏಳಲ್ಲ, ಮುಖ ಗಂಟು ಹಾಕ್ಕೊಂಡು ಫೋನ್ ನೋಡ್ತಾ ಇರ್ತಾರೆ, ಒಳಗೆ ಹುಡುಗರು ಯಾರನ್ನ ಕೆಲಸದಿಂದ ತೆಗೀತಾರೋ ಅಂತ ಹೆದರ್ಕೊಂಡಿರ್ತಾರೆ, ಅದರಲ್ಲಿ ಒಳ್ಳೆ ಕೆಲಸಗಾರನೇ ಮೊದಲು ಬೇರೆ ಕಡೆ ಹೋಗೋದು. ಹಾಗಾಗಿ ಎಲ್ಲರನ್ನೂ ಕೂರಿಸ್ಕೊಂಡು ತಿಂಗಳಿಗೆ ಎಷ್ಟು ಬಂತು, ಎಷ್ಟು ಹೋಯ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಅಸ್ಸಾಂ, ಬಂಗಾಳದ ಹುಡುಗರಿದ್ರೆ ಅವರಿಗೂ ಅರ್ಥ ಆಗೋ ಭಾಷೆಲಿ ಹೇಳಿಸಿ. ಖರ್ಚು ಇಳಿಸ್ಲೇಬೇಕು ಅಂದ್ರೆ ನೀವು ಮನೆಗೆ ತಗೊಂಡು ಹೋಗೋದು ಮೊದಲು ಇಳೀಲಿ, ಆಮೇಲೆ ವಾರದ ಮಧ್ಯೆ ಸರದಿ ಮೇಲೆ ರಜೆ ಕೊಡೋ ಮಾತಾಡಿ. ಇಬ್ಬರನ್ನ ಬಿಡಿಸಿದ್ರೆ ಶನಿವಾರ ಮಧ್ಯಾಹ್ನ ಟೇಬಲ್ ಒರೆಸೋರು ಯಾರು? ನಿಮಗೆ ದುಡ್ಡು ಆಗೋ ದಿನವೇ ಅದು.

2008ರಲ್ಲಿ ಅಮೆರಿಕದಲ್ಲಿ ವ್ಯಾಪಾರ ಕುಸಿದಾಗ ಸ್ಟಾರ್‌ಬಕ್ಸ್ ಅನ್ನೋ ದೊಡ್ಡ ಕಾಫಿ ಕಂಪನಿ ಕೂಡ ಕಷ್ಟದಲ್ಲಿತ್ತು, ಆ ವರ್ಷ 600 ಅಂಗಡಿ ಮುಚ್ತೀವಿ ಅಂತಾನೂ ಹೇಳ್ತು. ಆದ್ರೆ ಅದಕ್ಕೂ ಮೊದಲು, ಜನವರಿಲಿ ವಾಪಸ್ ಬಂದು ಮತ್ತೆ ಚುಕ್ಕಾಣಿ ಹಿಡಿದಿದ್ದ ಹೊವಾರ್ಡ್ ಶುಲ್ಟ್ಸ್ ಫೆಬ್ರವರಿ 26ಕ್ಕೆ ಅಲ್ಲಿನ ಸುಮಾರು 7,100 ಅಂಗಡಿಗಳಿಗೆ ಕೆಲವು ಗಂಟೆ ಬಾಗಿಲು ಹಾಕಿಸಿ ಕೆಲಸಗಾರರಿಗೆ ಕಾಫಿ ಮಾಡೋದನ್ನ ಮತ್ತೆ ಕಲಿಸಿದ್ರು. ನಷ್ಟದ ಕಾಲದಲ್ಲಿ ಒಂದು ಸಂಜೆ ವ್ಯಾಪಾರ ಬಿಟ್ಟು ಲೋಟದಲ್ಲಿರೋದನ್ನ ಸರಿ ಮಾಡೋಕೆ ಗಟ್ಟಿ ಮನಸ್ಸು ಬೇಕು. ನಿಮಗೆ ಬಾಗಿಲು ಹಾಕೋದೂ ಬೇಡ, ಮಂಗಳವಾರ ಮೂರು ಗಂಟೆಗೆ ಹೇಗೂ ಖಾಲಿನೇ ಅಲ್ವಾ, ಆಗ ಸಪ್ಲೈಯರ್‌ಗಳಿಗೆ ಅವತ್ತಿನ ಅಡುಗೆ ರುಚಿ ತೋರಿಸಿ. "ಏನ್ ಬೇಕು?" ಅಂತ ಗೋಡೆ ನೋಡ್ಕೊಂಡು ಕೇಳೋ ಹುಡುಗನೇ "ಕಡಂಬುಟ್ಟು ಈಗ ತಾನೇ ಇಳಿಸಿದ್ದು ಸರ್, ಎರಡು ತರ್ಲಾ?" ಅಂದ್ರೆ ಒಂದಷ್ಟು ಜನ ಆದ್ರೂ ತನ್ನಿ ಅಂತಾರೆ. ತಿಂದಿಲ್ದೇ ಇರೋನಿಗೆ ಆ ಮಾತು ಬರಲ್ಲ.

ವಾರದ ಮಧ್ಯೆ ನಿಮ್ಮನ್ನ ಕಾಪಾಡೋರು ಊರಿನವರು. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ, 2020ರ ಲಾಕ್‌ಡೌನಲ್ಲಿ, ಟೂರಿಸ್ಟನ್ನ ಮಾತ್ರ ನಂಬ್ಕೊಂಡೋರ ಪಾಡು ಏನಾಯ್ತು ಅಂತ ಕೊಡಗಲ್ಲಿ ಎಲ್ಲರೂ ನೋಡಿದ್ದೀವಿ. ತೋಟದ ಕೆಲಸ ನೋಡ್ಕೊಳ್ಳೋ ಎಸ್ಟೇಟ್ ರೈಟರ್‌ಗಳು, ಜೀಪ್ ಡ್ರೈವರ್‌ಗಳು, ಬ್ಯಾಂಕು, ಶಾಲೆಯವರು, ಇವರ ಹತ್ರ ನೀವೇ ಹೋಗಿ ಮಾತಾಡಿ, ಹನ್ನೆರಡೂವರೆಗೆ ಊಟದ ಪಾರ್ಸೆಲ್ ಕಳಿಸ್ತೀನಿ ಅಂತ ಹೇಳಿ. ಬಟವಾಡೆ ದಿನ, ಸಂತೆ ದಿನ ಅಡುಗೆ ಸ್ವಲ್ಪ ಜಾಸ್ತಿ ಇಡಿ. ಉದ್ರಿ ಮಾತ್ರ ಬೇಡ.

ಪ್ರಶ್ನೆ: ಸರ್, ನಾನು ಕೇಟರಿಂಗ್ ಮಾಡ್ತೀನಿ. 400 ಎಲೆ ಮದುವೆ ಈಗ 150 ಎಲೆಗೆ ಇಳಿದಿದೆ, ಆದ್ರೂ ಹಳೇ ರೇಟಿಗೇ ಮಾಡಿಕೊಡಿ ಅಂತಾರೆ. ಮಳೆಗಾಲದಲ್ಲಂತೂ ಕೆಲಸನೇ ಇಲ್ಲ.
— ಒಬ್ಬ ಓದುಗರು, ವಿರಾಜಪೇಟೆ

ಉತ್ತರ: ಮೇಡಂ, ಅಡುಗೆಯವರ ಕೂಲಿ, ಪಾತ್ರೆ, ಗಾಡಿ ಸೇರಿ 24,000 ಅಂದ್ಕೊಳ್ಳಿ. 400 ಎಲೆಗೆ ಹಂಚಿದ್ರೆ ಎಲೆಗೆ 60, 150ಕ್ಕೆ ಹಂಚಿದ್ರೆ 160. ಈ ಲೆಕ್ಕನ ಒಂದು ಹಾಳೆ ಮೇಲೆ ಬರೆದು ಮದುವೆ ಮನೆಯವರ ಮುಂದೆ ಇಡಿ, ಬಾಯಲ್ಲಿ ಚೌಕಾಸಿ ಮಾಡೋರೂ ಹಾಳೆ ನೋಡಿದ್ರೆ ಒಪ್ತಾರೆ. ಒಪ್ಪದೇ ಇದ್ರೆ ಐಟಂ ಇಳಿಸಿ, ಮೂರು ಸಿಹಿ ಬದಲು ಒಂದು ಸಾಕು. ಅರ್ಧ ಅಡ್ವಾನ್ಸ್ ಕೈಗೆ ಬರದೆ ಸಾಮಾನು ತರಿಸ್ಬೇಡಿ.

ಮಳೆಗಾಲಕ್ಕೆ ಸಣ್ಣ ಆರ್ಡರ್ ಹಿಡೀರಿ. ಕಕ್ಕಡದಲ್ಲಿ, ಅಂದ್ರೆ ಕೊಡವರ ಮಳೆ ತಿಂಗಳಲ್ಲಿ, ಮದುವೆ ಇರಲ್ಲ ನಿಜ, ಆದ್ರೆ ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅವತ್ತು ತಿನ್ನೋ ಮದ್ದುಸೊಪ್ಪಿನ ಪಾಯಸ ಬೇಕು ಅಂತ ಆಸೆ ಇದ್ದೂ ಸೊಪ್ಪು ಹುಡುಕಿ ಮಾಡೋಕೆ ಪುರುಸೊತ್ತು ಇಲ್ದಿರೋ ಮನೆ ಟೌನಲ್ಲಿ ಎಷ್ಟಿಲ್ಲ? ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧ ಪೂಜೆ ಹಬ್ಬ ಕೈಲ್ ಪೋಳ್ದ್, ಕಡಂಬುಟ್ಟು ಪಂದಿ ಕರಿ ಕಿಲೋ ಲೆಕ್ಕದಲ್ಲಿ ಕೊಡಬಹುದು. ಒಂದು ವಾರ ಮುಂಚೆನೇ ವಾಟ್ಸಾಪಲ್ಲಿ ರೇಟ್ ಹಾಕಿ, ದುಡ್ಡು ಮೊದಲೇ ತಗೊಳ್ಳಿ. ಆರ್ಡರ್ ಎಷ್ಟೋ ಅಷ್ಟೇ ಮಾಡೋದ್ರಿಂದ ಮಿಕ್ಕೋದು ಇಲ್ಲ.

ಪ್ರಶ್ನೆ: ನಷ್ಟ ಸರಿದೂಗಿಸೋಕೆ ಬಿಲ್‌ಗೆ 5 ಪರ್ಸೆಂಟ್ ಸರ್ವಿಸ್ ಚಾರ್ಜ್ ಸೇರಿಸಬಹುದಾ?
— ಕೆಫೆ ಮಾಲೀಕರು, ಮಡಿಕೇರಿ

ಉತ್ತರ: ತಾನಾಗೇ ಸೇರಿಸೋ ಹಾಗಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹಾಗಂತ ಮಾರ್ಗಸೂಚಿ ಹೊರಡಿಸಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನ ಎತ್ತಿಹಿಡಿದಿದೆ. ಕಾಫಿಗೆ ಐದು ರೂಪಾಯಿ ಜಾಸ್ತಿ ಬೇಕಿದ್ರೆ ಮೆನುವಲ್ಲೇ ಕಾಣೋ ಹಾಗೆ ಬರೀರಿ.