ಫ್ರಿಜ್ಜಲ್ಲಿ ಏನಿದೆಯೋ ಅದರದ್ದೇ ತಂಬುಳಿ

ಕಾರವಾರದಿಂದ ಜರ್ಮನಿಗೆ ಬರ್ತಾ ಇದ್ದೀನಿ, ಅಡುಗೆ ಅಷ್ಟಕ್ಕಷ್ಟೇ, ದಿನಾ ಊಟಕ್ಕೆ ಏನು ಮಾಡ್ತೀರಿ, ಊರಿಂದ ಏನು ಹೊತ್ತು ತರಲಿ ಅಂತ ಕೇಳಿದ್ದೀರಿ. ನಾನು ಶಿರಸಿಯವಳು. ಇಲ್ಲಿ ನೆಲೆಸಿ ವರ್ಷಗಳೇ ಆದವು.

ಮೊದಲು ಬ್ಯಾಗಿನ ವಿಷಯ. ಅಮ್ಮ ಕಾಸಿದ ತುಪ್ಪ ತರಬೇಡಿ. ಹೊರಗಿನ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯುರೋಪಿನ ಒಕ್ಕೂಟದೊಳಗೆ ಬಿಡುವುದಿಲ್ಲ. ಹಸಿ ಕರಿಬೇವೂ ಬೇಡ. ತೆಂಗಿನಕಾಯಿ ತರಬಹುದು. ಒಣಮೀನು 20 ಕೆಜಿವರೆಗೆ ಬಿಡುತ್ತಾರೆ, ಆದರೆ ಚೆನ್ನಾಗಿ ಸುತ್ತಿ ಕಟ್ಟಿ, ಪಕ್ಕದ ಮನೆಯವರ ಮುಖ ದಿನಾ ನೋಡಬೇಕಲ್ವಾ! ಹುಳಿಗೆ ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ ಮಾತ್ರ ಮರೆಯಬೇಡಿ.

ಇನ್ನು ಅಡುಗೆ. ಭಾನುವಾರ ಇಲ್ಲಿ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಫ್ರಿಜ್ಜು ತೆಗೆದರೆ ನಿನ್ನೆಯ ಅನ್ನ, ಅರ್ಧ ಡಬ್ಬಿ ಮೊಸರು, ಒಂದು ಕಟ್ಟು ಕೆಂಪು ಮೂಲಂಗಿ. ಯೂಟ್ಯೂಬ್ ನೋಡಿದರೆ ನಿಮ್ಮ ಹತ್ತಿರ ಇಲ್ಲದ ಸಾಮಾನನ್ನೇ ಹೇಳುತ್ತಾರೆ. ಸುಮ್ನೆ ತಂಬುಳಿ ಮಾಡಿ. ಘಟ್ಟದ ಮೇಲೆ ನಾವು ಒಂದೆಲಗ, ದೊಡ್ಡಪತ್ರೆ ಅಂತ ಹಿತ್ತಲಲ್ಲಿ ಕೈಗೆ ಸಿಕ್ಕಿದ್ದಕ್ಕೆಲ್ಲ ಮಾಡುತ್ತೇವೆ. ಇಲ್ಲಿ ಮೂಲಂಗಿ ಸೊಪ್ಪು. ಇಲ್ಲಿನವರು ಅದನ್ನು ಕಿತ್ತು ಎಸೆಯುತ್ತಾರೆ, ಪಾಪ. ಬೆಣ್ಣೆಯಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಸಿಡಿಸಿ ಸೊಪ್ಪು ಬಾಡಿಸಿ. ಎಲೆಯ ತರಿತರಿ ಅಷ್ಟರಲ್ಲೇ ಹೋಗುತ್ತದೆ. ಆರಿದ ಮೇಲೆ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಮೊಸರು, ನೀರು, ಉಪ್ಪು ಕಲಸಿ. ಕುದಿಸಬೇಡಿ. ನವಿಲುಕೋಸಿನ ಎಳೆ ಎಲೆಯೂ ಆಗುತ್ತದೆ.

ಮಾವಿನಕಾಯಿಯ ನೀರುನೀರಾದ ಅಪ್ಪೆಹುಳಿ ನೆನಪಾದರೆ ವಸಂತದಲ್ಲಿ ರಬಾರ್ಬರ್ ಅಂತ ಕೆಂಪು ದಂಟು ಬರುತ್ತದೆ, ಜೂನ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಜರ್ಮನರು ಅದಕ್ಕೆ ಸಕ್ಕರೆ ಸುರಿದು ಕೇಕ್ ಮಾಡುತ್ತಾರೆ. ನೀವು ಬೇಯಿಸಿ, ಕಿವುಚಿ, ಜಾಸ್ತಿ ನೀರು ಬಿಟ್ಟು ಒಣಮೆಣಸು, ಸಾಸಿವೆ, ಇಂಗಿನ ಒಗ್ಗರಣೆ ಕೊಡಿ. ಅಪ್ಪೆಮಿಡಿಯ ಪರಿಮಳ ಬರುವುದಿಲ್ಲ ಬಿಡಿ, ಹುಳಿಗೆ ಮೋಸವಿಲ್ಲ. ದಂಟು ಮಾತ್ರ ಬಳಸಿ, ಎಲೆ ವಿಷ.

ಅನ್ನ ಮಿಕ್ಕರೆ ರಾತ್ರಿಯಿಡೀ ಒಲೆ ಮೇಲೆ ಬಿಡಬೇಡಿ. ಬೇಗ ಆರಿಸಿ ಫ್ರಿಜ್ಜಿಗಿಟ್ಟು ಮರುದಿನವೇ ಮುಗಿಸಿ. ಬೆಂದ ಅನ್ನದಲ್ಲೂ ಸಾಯದ ಬ್ಯಾಕ್ಟೀರಿಯಾ ಇರುತ್ತವೆ. ಅವು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಣ್ಣಗಿನ ಅನ್ನ ಉದುರುದುರಾಗಿರುತ್ತದೆ, ಚಿತ್ರಾನ್ನಕ್ಕೆ ಅದೇ ಒಳ್ಳೆಯದು.

ಮೀನು ನಾನು ತಿನ್ನುವುದಿಲ್ಲ. ಆದರೆ ನನ್ನ ಅಂಕೋಲೆಯ ಗೆಳತಿ ಇಲ್ಲಿ ಸಿಗುವ ಹೊಗೆಯಾಡಿಸಿದ ಬಾಂಗಡೆಯನ್ನು ಬಿಡಿಸಿ, ಈರುಳ್ಳಿ, ಕಾಯಿತುರಿ, ಮೆಣಸಿನಪುಡಿ, ಎರಡು ಸಿಪ್ಪೆ ಮುರುಗಲು ಹಾಕಿ ಬಾಡಿಸುತ್ತಾಳೆ. ಉಪ್ಪು ಮೊದಲೇ ಇರುತ್ತದಂತೆ, ಮೇಲೆ ಹಾಕಬೇಡಿ.