ಅದು ಗ್ಯಾಸ್ ಅಲ್ಲ ಮೇಷ್ಟ್ರೇ, ಇದ್ದಿಲ ದೂಳು

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಕುರಿಯೇರ್ ಕಲ್ಲಿದ್ದಲು ಗಣಿ ದುರಂತದ ಬಗ್ಗೆ ನಾಲ್ಕು ಸಾಲು ಹಾಕಿದ್ದೀರಿ. ‘1906ರ ಗ್ಯಾಸ್ ಸ್ಫೋಟಕ್ಕೆ 1,099 ಜನ ಬಲಿ, ಜಗತ್ತಿನಲ್ಲೇ ಅತಿ ದೊಡ್ಡದು’ ಎಂದಿದೆ. ನಮ್ಮಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ‘ಏರ್ ಬ್ಲಾಸ್ಟ್’ ಆದಾಗ ಅಡುಗೆಮನೆ ಪಾತ್ರೆ ಅಲ್ಲಾಡುತ್ತಿದ್ದದ್ದು ನನಗೆ ಇನ್ನೂ ನೆನಪಿದೆ. ಆದರೆ ಒಂದೇ ಏಟಿಗೆ ಸಾವಿರ ಜನ ಹೇಗೆ? ಅದೂ ಏರ್ ಬ್ಲಾಸ್ಟೇ? ಇಪ್ಪತ್ತು ದಿನದ ಮೇಲೆ ಕೆಲವರು ಬದುಕಿ ಬಂದರು ಎಂದೂ ಬರೆದಿದ್ದೀರಿ. ಅಷ್ಟು ದಿನ ಹುಡುಕುವವರು ಎಲ್ಲಿ ಹೋಗಿದ್ದರು?” — ನಿವೃತ್ತ ಮೇಷ್ಟರು, ಕೆಜಿಎಫ್

ಮೇಷ್ಟ್ರೇ, ನಮಸ್ಕಾರ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ನಾಲ್ಕು ಸಾಲಿನಲ್ಲಿ ಎರಡು ತಪ್ಪಿವೆ. ಕುರಿಯೇರ್ ಯುರೋಪಿನ ಅತಿ ದೊಡ್ಡ ಗಣಿ ದುರಂತ, ಜಗತ್ತಿನದ್ದಲ್ಲ. 1942ರ ಏಪ್ರಿಲ್ 26ರಂದು ಜಪಾನಿನ ವಶದಲ್ಲಿದ್ದ ಮಂಚೂರಿಯಾದ ಬೆನ್‌ಷಿಹು ಗಣಿಯಲ್ಲಿ 1,549 ಜನ ಸತ್ತರು. ಎರಡನೆಯ ತಪ್ಪು ‘ಗ್ಯಾಸ್ ಸ್ಫೋಟ’ ಎಂಬ ಮಾತು. ಇದು ಸಣ್ಣ ತಪ್ಪಲ್ಲ. ಆ ಗಣಿಯವರು ಮೋಸ ಹೋದದ್ದೇ ಈ ಮಾತಿನಿಂದ. ನಮ್ಮಲ್ಲಿ ಗ್ಯಾಸ್ ಇಲ್ಲ, ಹಾಗಾಗಿ ಭಯವೂ ಇಲ್ಲ ಎಂದುಕೊಂಡಿದ್ದರು.

ನೀವು ಕೇಳಿದ ಏರ್ ಬ್ಲಾಸ್ಟ್ ಬೇರೆ ಸಂಗತಿ. ಕೆಜಿಎಫ್‌ನಲ್ಲಿ ಸಿಡಿಯುತ್ತಿದ್ದದ್ದು ಬಂಡೆ. ಸಾವಿರಾರು ಅಡಿ ಆಳದಲ್ಲಿ ಸುತ್ತಲ ಕಲ್ಲಿನ ಒತ್ತಡ ತಡೆಯಲಾರದೆ ಬಂಡೆ ಒಡೆದು ಹಾರುತ್ತಿತ್ತು. ಅಲ್ಲಿ ಬೆಂಕಿಯ ಪಾತ್ರ ಇರಲಿಲ್ಲ. ಕುರಿಯೇರ್‌ನಲ್ಲಿ ಹೊತ್ತಿದ್ದು ಕಲ್ಲಿದ್ದಲಿನ ದೂಳು. ಸುರಂಗದ ನೆಲದ ಮೇಲೆ, ಗೋಡೆಯ ಮೇಲೆ, ಮರದ ಆಸರೆಗಳ ಮೇಲೆ ಸುಮ್ನೆ ಕೂತಿದ್ದ ಕಪ್ಪು ದೂಳು.

ಇದು ನಂಬಲು ಕಷ್ಟ ಅಲ್ವಾ? ನಮ್ಮ ಮನೆಯ ಬಚ್ಚಲಲ್ಲಿ ಮರದ ಹೊಟ್ಟಿನ ಒಲೆ ಇತ್ತು. ನಿಮ್ಮ ಕಡೆಯೂ ಇದ್ದಿರಬೇಕು. ನಡುವೆ ಒಂದು ಕೋಲು ನಿಲ್ಲಿಸಿ, ಸುತ್ತ ಹೊಟ್ಟು ಗಟ್ಟಿಯಾಗಿ ತುಂಬಿ, ಕೋಲು ಎಳೆದು ಬೆಂಕಿ ಕೊಟ್ಟರೆ ಬೆಳಗಿನಿಂದ ಮಧ್ಯಾಹ್ನದವರೆಗೂ ನಿಧಾನವಾಗಿ ಉರಿಯುತ್ತಿತ್ತು. ಒಂದು ದಿನ ನಾನು ಅದೇ ಹೊಟ್ಟಿನ ಸಣ್ಣ ಪುಡಿಯನ್ನು ಒಂದು ಹಿಡಿ ತೆಗೆದು ಒಲೆಯ ಬಾಯಿಗೆ ಎರಚಿದೆ. ಭಗ್ ಎಂದು ಜ್ವಾಲೆ ಮುಖದವರೆಗೆ ಬಂತು. ಹುಬ್ಬು ಸುಟ್ಟಿತು. ಅಜ್ಜಿಯ ಕೈಯಿಂದ ಎರಡು ಏಟೂ ಬಿದ್ದವು. (ಮಕ್ಕಳು ಓದುತ್ತಿದ್ದರೆ ದಯವಿಟ್ಟು ಇದನ್ನು ಮಾಡಿ ನೋಡಬೇಡಿ.) ಹೊಟ್ಟು ಅದೇ, ಬೆಂಕಿಯೂ ಅದೇ. ಒತ್ತಿ ತುಂಬಿದಾಗ ಹೊರಗಿನ ಪದರಕ್ಕೆ ಮಾತ್ರ ಗಾಳಿ ಸಿಗುತ್ತದೆ. ಗಾಳಿಯಲ್ಲಿ ಹಾರಿದಾಗ ಒಂದೊಂದು ಕಣದ ಸುತ್ತಲೂ ಗಾಳಿ. ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ.

ಇದೇ ಮಾತನ್ನು ಸುರಂಗಕ್ಕೆ ಹಚ್ಚಿ ನೋಡಿ. ಎಲ್ಲೋ ಒಂದು ಕಡೆ ಸಣ್ಣ ಸ್ಫೋಟ ಆಗುತ್ತದೆ. ಅದರ ಗಾಳಿ ಮುಂದೆ ನುಗ್ಗಿ ನೆಲದ ದೂಳನ್ನು ಎಬ್ಬಿಸುತ್ತದೆ. ಹಿಂದೆಯೇ ಬರುವ ಬೆಂಕಿ ಆ ದೂಳನ್ನು ತಿನ್ನುತ್ತದೆ. ಅದರಿಂದ ಇನ್ನೂ ಜೋರಾದ ಗಾಳಿ, ಇನ್ನಷ್ಟು ದೂಳು. ಬೆಂಕಿ ತನ್ನ ಮೇವನ್ನು ತಾನೇ ಎಬ್ಬಿಸಿಕೊಂಡು ಓಡುತ್ತದೆ. ಮಿಥೇನ್ ಗ್ಯಾಸ್ ಆಗಿದ್ದರೆ ಅದು ತುಂಬಿದ್ದ ಜಾಗದ ಸುತ್ತಮುತ್ತ ಮುಗಿಯುತ್ತಿತ್ತು. ದೂಳಿಗೆ ಆ ಮಿತಿ ಇಲ್ಲ. ಅದು ಎಲ್ಲಿಯವರೆಗೆ ಬಿದ್ದಿದೆಯೋ ಬೆಂಕಿ ಅಲ್ಲಿಯವರೆಗೆ ಹೋಗಬಹುದು. ಕಾಗದದ ದಪ್ಪದ ಪದರ ಸಾಕು.

1906ರ ಮಾರ್ಚ್ 10, ಶನಿವಾರ. ಬೆಳಗ್ಗೆ ಆರೂವರೆ ಸುಮಾರು. ಉತ್ತರ ಫ್ರಾನ್ಸಿನ ಲಾನ್ಸ್ ಪಟ್ಟಣದ ಪಕ್ಕ, ಕುರಿಯೇರ್ ಕಂಪನಿಯ ಗಣಿಗಳಿಗೆ ಜನ ಆಗಷ್ಟೇ ಇಳಿದಿದ್ದರು. ಮೀಸೆ ಮೂಡದ ಹುಡುಗರೂ ಬಹಳ ಇದ್ದರು. ಮೆರಿಕೂರ್, ಸಲೋಮಿನ್, ಬಿಯಿ-ಮೊಂತಿನ್ಯಿ ಎಂಬ ಮೂರು ಊರುಗಳಲ್ಲಿ ಗಣಿಗೆ ಇಳಿಯುವ ಬಾವಿಗಳು ಒಳಗೊಳಗೇ ಸೇರಿಕೊಂಡಿದ್ದವು. ಒಂದು ಬಾವಿಗೆ ತೊಂದರೆ ಆದರೆ ಇನ್ನೊಂದರಿಂದ ಹೊರಬರಬಹುದು ಎಂಬುದು ಈ ಏರ್ಪಾಡಿನ ಲಾಭ. ಅವತ್ತು ಅದೇ ದಾರಿಗಳಲ್ಲಿ ಬೆಂಕಿ ಓಡಿತು. ಸುಮಾರು 110 ಕಿಲೋಮೀಟರ್ ಸುರಂಗ ಕೆಲವೇ ನಿಮಿಷದಲ್ಲಿ ಹಾಳಾಯಿತು. ಮೆರಿಕೂರ್‌ನ ಮೂರನೇ ಬಾವಿ ಮುರಿದು ಬಿದ್ದ ಸಾಮಾನಿನಿಂದ ಕಟ್ಟಿಹೋಯಿತು.

ಮೊದಲ ಕಿಡಿ ಬಂಡೆ ಸಿಡಿಸಲು ಇಟ್ಟ ಮದ್ದಿನದೋ, ದೀಪದ್ದೋ ಎಂಬ ವಾದ ಇಂದಿಗೂ ಇದೆ. ಗ್ಯಾಸ್ ಇಲ್ಲದ ಗಣಿ ಎಂಬ ಹೆಸರಿದ್ದ ಕಾರಣ ಅಲ್ಲಿ ತೆರೆದ ಜ್ವಾಲೆಯ ದೀಪಗಳನ್ನೇ ಬಳಸುತ್ತಿದ್ದರು. ಕೆಲವು ದಿನದ ಹಿಂದೆ ಸೆಸಿಲ್ ಎಂಬ ಇದ್ದಿಲ ಪದರದ ಬಳಿ ಬೆಂಕಿ ಕಾಣಿಸಿತ್ತು. ಗೋಡೆ ಕಟ್ಟಿ ಅದನ್ನು ಮುಚ್ಚುವ ಕೆಲಸ ನಡೆದಿತ್ತು. ಬೆಂಕಿ ಆರುವವರೆಗೆ ಜನರನ್ನು ಇಳಿಸಬೇಡಿ ಎಂದು ಕಾರ್ಮಿಕರ ಪ್ರತಿನಿಧಿ ಪಿಯೇರ್ ಸಿಮೊನ್ ಕೇಳಿಕೊಂಡಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಬೆಂಕಿಯೇ ಸ್ಫೋಟಕ್ಕೆ ಕಾರಣವೋ ಅಲ್ಲವೋ, ಆ ಮನುಷ್ಯನ ಮಾತು ಕೇಳಿದ್ದರೆ ಅವತ್ತು ಎಷ್ಟೋ ಜನ ಮನೆಯಲ್ಲಿರುತ್ತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ದೂಳಿನ ಅಪಾಯ ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. 1844ರಲ್ಲಿ ಇಂಗ್ಲೆಂಡಿನ ಹ್ಯಾಸ್‌ವೆಲ್ ಗಣಿಯಲ್ಲಿ 95 ಜನ ಸತ್ತಾಗ ಸರ್ಕಾರ ಮೈಕೆಲ್ ಫ್ಯಾರಡೆಯನ್ನೇ ಕಳಿಸಿತ್ತು. ನೀವು ಮಕ್ಕಳಿಗೆ ಪಾಠ ಮಾಡಿದ ಅದೇ ಫ್ಯಾರಡೆ. ಅವನೂ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್‌ನೂ ಸೇರಿ, ಸ್ಫೋಟದಲ್ಲಿ ದೂಳೂ ಉರಿದಿದೆ ಎಂದು ವರದಿ ಕೊಟ್ಟರು. 1870ರ ದಶಕದಲ್ಲಿ ವಿಲಿಯಂ ಗ್ಯಾಲೊವೇ ಎಂಬ ಗಣಿ ಎಂಜಿನಿಯರ್ ಪ್ರಯೋಗ ಮಾಡಿಯೇ ತೋರಿಸಿದ. ಫ್ರಾನ್ಸಿನ ಹೆಸರಾಂತ ತಜ್ಞರು ಮಾತ್ರ ಗ್ಯಾಸ್ ಇಲ್ಲದೆ ದೂಳೊಂದೇ ದೊಡ್ಡ ಅನಾಹುತ ಮಾಡಲಾರದು ಎನ್ನುತ್ತಿದ್ದರು. ಫ್ಯಾರಡೆಯ ವರದಿಗೂ ಕುರಿಯೇರ್‌ಗೂ ನಡುವೆ ಅರವತ್ತು ವರ್ಷಕ್ಕಿಂತ ಜಾಸ್ತಿ ಅಂತರವಿದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಹುಡುಕುವವರು ಎಲ್ಲಿ ಹೋಗಿದ್ದರು?

ಮೊದಲ ದಿನ ಕೆಲವು ನೂರು ಜನ ಹೊರಬಂದರು. ಇಂಥ ಸ್ಫೋಟದ ನಂತರ ಒಳಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ತುಂಬಿಕೊಳ್ಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಸುಟ್ಟು ಸಾಯುವವರಿಗಿಂತ ಇದರಿಂದ ಸಾಯುವವರೇ ಜಾಸ್ತಿ ಎಂದು ವೇಲ್ಸಿನ ಗಣಿಯೊಂದರ ಸ್ಫೋಟವನ್ನು ಪರೀಕ್ಷಿಸಿದ ಹಾಲ್ಡೇನ್ ಎಂಬ ವೈದ್ಯ 1896ರಲ್ಲೇ ಬರೆದಿದ್ದ. ಕುರಿಯೇರ್‌ನವರ ಬಳಿ ಉಸಿರಾಟದ ಸಲಕರಣೆ ಇರಲಿಲ್ಲ. ಅವನ್ನು ಹೊತ್ತು ಬಂದವರು ಜರ್ಮನಿಯ ವೆಸ್ಟ್‌ಫಾಲಿಯಾದ ಗಣಿ ಕೆಲಸಗಾರರು. ಆಗ ಎರಡು ದೇಶಗಳ ನಡುವೆ ಮುಖ ಕೊಟ್ಟು ಮಾತಿರಲಿಲ್ಲ. ಆದರೂ ಬಂದರು.

ಆದರೆ ಕೆಲವೇ ದಿನಗಳಲ್ಲಿ ಎಂಜಿನಿಯರುಗಳು ಒಳಗೆ ಜೀವ ಉಳಿದಿಲ್ಲ ಎಂದು ತೀರ್ಮಾನಿಸಿದರು. ಬೆಂಕಿ ಆರಿಸುವುದೇ ಮುಖ್ಯ ಕೆಲಸವಾಯಿತು. ಮಾರ್ಚ್ 13ಕ್ಕೆ ಹಿಮ ಬೀಳುತ್ತಿರುವಾಗಲೇ ಸಾಮೂಹಿಕ ಅಂತ್ಯಕ್ರಿಯೆ ನಡೆಯಿತು. ಮಾರ್ಚ್ 30ರಂದು, ಇಪ್ಪತ್ತು ದಿನ ಕಳೆದ ಮೇಲೆ, 13 ಜನ ತಾವೇ ದಾರಿ ಹುಡುಕಿಕೊಂಡು ಬಿಯಿ-ಮೊಂತಿನ್ಯಿಯ ಬಾವಿಯ ಬುಡಕ್ಕೆ ನಡೆದು ಬಂದರು. ಯಾರೂ ಹೋಗಿ ಅವರನ್ನು ಕರೆತಂದದ್ದಲ್ಲ. ಅವರಲ್ಲಿ ಒಬ್ಬ ಅಪ್ಪ, ಅವನ ಮಗ ಇದ್ದರು. ಸತ್ತ ಗೆಳೆಯರ ಬುತ್ತಿಯ ಬ್ರೆಡ್ಡು, ಗಣಿಯ ಕುದುರೆಗಳಿಗೆ ಇಟ್ಟಿದ್ದ ಓಟ್ಸ್, ಅದು ಮುಗಿದ ಮೇಲೆ ಕುದುರೆಯ ಹಸಿ ಮಾಂಸ. ಇಷ್ಟನ್ನೇ ತಿಂದು, ಕಗ್ಗತ್ತಲಲ್ಲಿ, ಹೆಣಗಳ ನಡುವೆ ತಡವರಿಸಿಕೊಂಡು ದಾರಿ ಹುಡುಕಿದ್ದರು. ಏಪ್ರಿಲ್ 4ಕ್ಕೆ ಇನ್ನೊಬ್ಬ ಸಿಕ್ಕ. ಅವನು ಇಪ್ಪತ್ತೈದು ದಿನ ಒಬ್ಬನೇ ಇದ್ದ.

ಆಗ ಊರಿನ ಹೆಂಗಸರ ಸ್ಥಿತಿ ಯೋಚಿಸಿ. ಹದಿಮೂರು ಜನ ಬದುಕಿದ್ದರು ಎಂದರೆ, ನಮ್ಮವರೂ ಹತ್ತು ದಿನ, ಹದಿನೈದು ದಿನ ಬದುಕಿದ್ದು ಆಮೇಲೆ ಸತ್ತರೇ? ಇದಕ್ಕೆ ಉತ್ತರ ಕೊಡುವವರು ಯಾರು? ಕಂಪನಿ ಜನರನ್ನು ಬಿಟ್ಟು ಇದ್ದಿಲನ್ನು ಉಳಿಸಿಕೊಂಡಿತು ಎಂಬ ಸಿಟ್ಟು ಮೊದಲೇ ಇತ್ತು, ಈಗ ಇಮ್ಮಡಿಯಾಯಿತು. ಅಂತ್ಯಕ್ರಿಯೆಯ ಬೆನ್ನಿಗೇ ಶುರುವಾಗಿದ್ದ ಮುಷ್ಕರಕ್ಕೆ ಹತ್ತಾರು ಸಾವಿರ ಜನ ಸೇರಿದ್ದರು. ಹೊಸದಾಗಿ ಗೃಹಮಂತ್ರಿಯಾದ ಕ್ಲೆಮಾನ್ಸೊ ಲಾನ್ಸ್‌ಗೆ ಬಂದು ಅವರ ಜೊತೆ ಮಾತಾಡಿದ. ಆಮೇಲೆ ಸೈನ್ಯವನ್ನೂ ಕಳಿಸಿದ. ಅದೇ ವರ್ಷ ಜುಲೈ 13ರಂದು ಫ್ರಾನ್ಸಿನಲ್ಲಿ ವಾರದ ರಜೆಯ ಕಾಯ್ದೆ ಬಂತು.

‘ರೆಸ್ಕಪೆ’ ಎಂಬ ಫ್ರೆಂಚ್ ಪದ ದೇಶಕ್ಕೆಲ್ಲ ಹಬ್ಬಿದ್ದು ಈ ಹದಿಮೂರು ಜನರಿಂದ. ಬದುಕಿ ಉಳಿದವನು ಎಂದು ಅರ್ಥ. ಅದು ಅಲ್ಲಿನ ಗಣಿ ಸೀಮೆಯ ಆಡುಮಾತು. ಪ್ಯಾರಿಸಿನ ಪತ್ರಕರ್ತರು ಕೇಳಿದ ಹಾಗೆಯೇ ಬರೆದುಕೊಂಡರು, ಈಗ ನಿಘಂಟಿನಲ್ಲಿದೆ.

ದುರಂತದ ನಂತರ ಲಿಯೆವಾಂ ಊರಿನಲ್ಲಿ ತಫನೆಲ್ ಎಂಬ ಎಂಜಿನಿಯರ್ ಬೇಕೆಂದೇ ದೂಳಿಗೆ ಬೆಂಕಿ ಕೊಟ್ಟು ವರ್ಷಗಟ್ಟಲೆ ಪ್ರಯೋಗ ಮಾಡಿದ. ಕಂಡುಕೊಂಡ ಪರಿಹಾರ ಬಹಳ ಸರಳ. ಸುರಂಗದ ಸೂರಿನ ಹತ್ತಿರ ಹಲಗೆ ಕಟ್ಟಿ ಅದರ ಮೇಲೆ ಕಲ್ಲಿನ ಪುಡಿ ಸುರಿದಿಡುವುದು. ಸ್ಫೋಟದ ಗಾಳಿಗೆ ಹಲಗೆ ಮಗುಚಿ ಪುಡಿ ಹಾರುತ್ತದೆ. ಹಿಂದೆ ಬರುವ ಬೆಂಕಿಯ ಕಾವನ್ನು ಅದು ಹೀರಿಕೊಳ್ಳುತ್ತದೆ. ನೆಲಕ್ಕೆ, ಗೋಡೆಗೆ ಸುಣ್ಣಕಲ್ಲಿನ ಪುಡಿ ಎರಚುವುದೂ ಇದಕ್ಕೇ. ಇಂದಿಗೂ ಕಲ್ಲಿದ್ದಲು ಗಣಿಗಳಲ್ಲಿ ಇದು ನಡೆಯುತ್ತದೆ, ನಮ್ಮ ದೇಶದ ಗಣಿ ನಿಯಮಗಳಲ್ಲೂ ಇದು ಇದೆ.

ನಮ್ಮ ದೇಶ ಎಂದಾಗ ಢೋರಿಯನ್ನು ಹೇಳದೆ ಇರಲಾರೆ. ಈಗಿನ ಜಾರ್ಖಂಡಿನ ಬೊಕಾರೊ ಜಿಲ್ಲೆಯಲ್ಲಿ, ಬೇರ್ಮೊ ಹತ್ತಿರ. 1965ರ ಮೇ 28. ಸತ್ತವರು 268 ಜನ. ಅಲ್ಲೂ ಹೊತ್ತಿದ್ದು ದೂಳೇ. ಕುರಿಯೇರ್ ಆಗಿ ಐವತ್ತೊಂಬತ್ತು ವರ್ಷವಾಗಿತ್ತು. ಕಲ್ಲಿನ ಪುಡಿಯ ಉಪಾಯ ಜಗತ್ತಿಗೆಲ್ಲ ಗೊತ್ತಿತ್ತು. ಫ್ರಾನ್ಸಿನ ಕಥೆಗೆ ನಾಲ್ಕು ಸಾಲು ಕೊಟ್ಟ ನಾವು ಢೋರಿಗೆ ಒಂದು ಸಾಲೂ ಕೊಟ್ಟಿರಲಿಲ್ಲ. ಮೇ ಸಂಚಿಕೆಯಲ್ಲಿ ಕೊಡುತ್ತೇವೆ.

ನಿಮ್ಮ ಪತ್ರದಲ್ಲಿ ಪಾತ್ರೆ ಅಲ್ಲಾಡಿದ ಒಂದು ಸಾಲು ಮಾತ್ರ ಇದೆ. ಅದಾದ ಮೇಲೆ ನಿಮ್ಮಮ್ಮ ಏನು ಮಾಡುತ್ತಿದ್ದರು, ಬಾಗಿಲಿಗೆ ಬರುತ್ತಿದ್ದರೇ, ಅಪ್ಪ ಪಾಳಿ ಮುಗಿಸಿ ಬರುವವರೆಗೆ ಮನೆಯಲ್ಲಿ ಏನು ಮಾತು ನಡೆಯುತ್ತಿತ್ತು, ಅದನ್ನೆಲ್ಲ ಬರೆದು ಕಳಿಸಿ ಮೇಷ್ಟ್ರೇ. ಎಷ್ಟು ಪುಟವಾದರೂ ಹಾಕುತ್ತೇವೆ.

— ಸಂಪಾದಕ