ಫೋಟೋದಲ್ಲಿ ಏಣಿ ಕಾಣುವುದಿಲ್ಲ

(ಚಿತ್ತಾಪುರ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರ ಪತ್ರ: "1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ಕಂಡುಹಿಡಿದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಫ್ರಾಂಕ್ಲಿನ್ ಅವರ ಫೋಟೋ ಕದ್ದು ಕಂಡುಹಿಡಿದರಂತೆ, ಹೌದೇ ಎಂದು ನಮ್ಮ ಹುಡುಗಿಯೊಬ್ಬಳು ಕೇಳುತ್ತಾಳೆ. ಒಂದು ಫೋಟೋದಲ್ಲಿ ತಿರುಚಿದ ಏಣಿ ಕಾಣುತ್ತದೆಯೇ?")

ಶರಣು ಮೇಡಂ,

ಮೊದಲು ತಪ್ಪೊಪ್ಪಿಗೆ. ಆ ಸಾಲು ನನ್ನದೇ. ಡಿಎನ್‌ಎ ಎಂಬ ವಸ್ತು 1869ರಲ್ಲೇ ಸಿಕ್ಕಿತ್ತು. ಟ್ಯೂಬಿಂಗನ್‌ನಲ್ಲಿ ಫ್ರೀಡ್ರಿಶ್ ಮೀಷರ್ ಅದನ್ನು ಆಸ್ಪತ್ರೆಯ ಕೀವು ಮೆತ್ತಿದ ಬ್ಯಾಂಡೇಜುಗಳಿಂದ ಬೇರ್ಪಡಿಸಿದ್ದ. 1953ರಲ್ಲಿ ತಿಳಿದದ್ದು ಅದರ ರಚನೆ, ಅಂದರೆ ಎರಡು ಎಳೆಗಳ ತಿರುಚಿದ ಏಣಿ.

ಇನ್ನು ಫೋಟೋ. ನಿಮ್ಮ ಪತ್ರ ಓದಿ ನಮ್ಮ ಕರಡು ತಿದ್ದುವವರ ಬಾಲ್‌ಪೆನ್ನಿನ ಸ್ಪ್ರಿಂಗ್ ತೆಗೆಸಿದೆ. ಕಲಬುರಗಿಯ ಬಿಸಿಲಿಗೆ ಕಿಟಕಿ ಮುಚ್ಚಿದರೂ ಕೋಣೆ ಕತ್ತಲಾಗುವುದಿಲ್ಲ, ಸಂಜೆಯವರೆಗೆ ಕಾದೆವು. ಸ್ಪ್ರಿಂಗಿನ ಪಕ್ಕಕ್ಕೆ ಕೆಂಪು ಲೇಸರ್ ಹಾಯಿಸಿದರೆ ದೂರದ ಗೋಡೆಯ ಮೇಲೆ ಸ್ಪ್ರಿಂಗ್ ಮೂಡಲಿಲ್ಲ. ಚುಕ್ಕೆಗಳಿಂದಾದ ಗುಣಾಕಾರ ಚಿಹ್ನೆ ಮೂಡಿತು. ಸ್ಪ್ರಿಂಗಿನ ಮುಂಬದಿಯ ತಂತಿ ಒಂದು ಕಡೆಗೆ ವಾಲಿದರೆ ಹಿಂಬದಿಯದು ಇನ್ನೊಂದು ಕಡೆಗೆ ವಾಲಿರುತ್ತದೆ. ಎರಡೂ ಬೆಳಕನ್ನು ತಾವು ವಾಲಿದ ದಿಕ್ಕಿಗೆ ಅಡ್ಡವಾಗಿ ಚದುರಿಸುತ್ತವೆ.

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ರೇಮಂಡ್ ಗೊಸ್ಲಿಂಗ್ 1952ರ ಮೇ ತಿಂಗಳಲ್ಲಿ ಪಡೆದ 51ನೇ ಫೋಟೋದಲ್ಲಿರುವುದೂ ಇದೇ ಚಿಹ್ನೆ, ಸುರುಳಿಯ ಗುರುತು. ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ 0.34 ನ್ಯಾನೋಮೀಟರ್ ಮಾತ್ರ ಅಂತರ, ಅದಕ್ಕೆ ಕಣ್ಣಿಗೆ ಕಾಣುವ ಬೆಳಕು ಸಾಲದು, ಎಕ್ಸ್‌ರೇ ಬೇಕು. ಜೊತೆಗೆ ಡಿಎನ್‌ಎ ನಾರಿನ ಸುತ್ತಲಿನ ತೇವವನ್ನು ಹದದಲ್ಲಿಡಬೇಕು. ಫ್ರಾಂಕ್ಲಿನ್ ಅವರ ಕೈಚಳಕ ಅಲ್ಲಿತ್ತು. ಏಣಿ ಒಂದು ಪೂರ್ತಿ ಸುತ್ತು ತಿರುಗಲು 3.4 ನ್ಯಾನೋಮೀಟರ್, ಅಂದರೆ ಹತ್ತು ಮೆಟ್ಟಿಲು.

ಆದರೆ ಮೆಟ್ಟಿಲಲ್ಲಿ ಏನು ಏನಕ್ಕೆ ಜೋಡಿ ಎಂಬುದನ್ನು ಆ ಫೋಟೋ ಹೇಳುವುದಿಲ್ಲ. ಮೆಟ್ಟಿಲಾಗುವ ಅಣುಗಳು ನಾಲ್ಕು ಬಗೆ. ಅಡೆನಿನ್ ಇದ್ದಷ್ಟೇ ಥೈಮಿನ್, ಗ್ವಾನಿನ್ ಇದ್ದಷ್ಟೇ ಸೈಟೊಸಿನ್ ಎಂದು ಜೀವರಸಾಯನ ವಿಜ್ಞಾನಿ ಅರ್ವಿನ್ ಶಾರ್ಗಾಫ್ ಮೊದಲೇ ಅಳೆದಿದ್ದರು. ಪಠ್ಯಪುಸ್ತಕದಲ್ಲಿದ್ದ ಈ ಅಣುಗಳ ಆಕಾರವೇ ತಪ್ಪು ಎಂದು ರಸಾಯನ ವಿಜ್ಞಾನಿ ಜೆರ್ರಿ ಡೊನೊಹ್ಯೂ ತಿದ್ದಿದ ಮೇಲೆ ವಾಟ್ಸನ್ ರಟ್ಟಿನ ತುಂಡುಗಳನ್ನು ಮೇಜಿನ ಮೇಲೆ ಸರಿಸಿ ಸರಿಸಿ ಜೋಡಿ ಹೊಂದಿಸಿದರು. ಇದು ಅವರದೇ ಗಳಿಕೆ, ಕಸಿಯಲಾಗದು.

ಕಳವು? ನನಗೆ ಆ ಪದ ಒಪ್ಪಿಗೆಯಿಲ್ಲ. ಫೋಟೋ ಗೊಸ್ಲಿಂಗ್ ಮೂಲಕವೇ ಸಹೋದ್ಯೋಗಿ ಮಾರಿಸ್ ವಿಲ್ಕಿನ್ಸ್ ಕೈಗೆ ಬಂದಿತ್ತು. 1953ರ ಜನವರಿಯಲ್ಲಿ ಅವರು ವಾಟ್ಸನ್‌ಗೆ ತೋರಿಸಿದರು. ಫ್ರಾಂಕ್ಲಿನ್ ಅವರನ್ನು ಕೇಳಲಿಲ್ಲ. ಫೋಟೋಗಿಂತ ದೊಡ್ಡ ವಿಷಯ ಇನ್ನೊಂದಿದೆ: ಫ್ರಾಂಕ್ಲಿನ್ ಅವರ ಅಳತೆಗಳಿದ್ದ ವರದಿಯೂ ವಾಟ್ಸನ್ ಮತ್ತು ಕ್ರಿಕ್ ಇದ್ದ ಕೇಂಬ್ರಿಜ್ ತಲುಪಿತ್ತು. ಎರಡು ಎಳೆಗಳು ಎದುರುಬದುರು ದಿಕ್ಕಿಗೆ ಸಾಗುತ್ತವೆ ಎಂಬುದನ್ನು ಕ್ರಿಕ್ ಊಹಿಸಿದ್ದು ಅದರಿಂದಲೇ. ಇಷ್ಟಾಗಿಯೂ ಏಪ್ರಿಲ್ 25ರ 'ನೇಚರ್' ಪತ್ರಿಕೆಯಲ್ಲಿ ಬಂದ ವಾಟ್ಸನ್-ಕ್ರಿಕ್ ಲೇಖನದಲ್ಲಿ ಫ್ರಾಂಕ್ಲಿನ್ ಮತ್ತು ವಿಲ್ಕಿನ್ಸ್ ಅವರ ಅಪ್ರಕಟಿತ ಫಲಿತಾಂಶಗಳ ಸ್ಥೂಲ ಪರಿಚಯ ನೆರವಾಯಿತು ಎಂಬಷ್ಟೇ ಮಾತು. ಇದು ಜಿಪುಣತನ. 1962ರ ನೊಬೆಲ್ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಅವರಿಗೆ ಬಂತು. ಫ್ರಾಂಕ್ಲಿನ್ 1958ರಲ್ಲೇ, 37ರ ವಯಸ್ಸಿನಲ್ಲಿ, ತೀರಿಕೊಂಡಿದ್ದರು.

ಪ್ರಯೋಗವನ್ನು ತರಗತಿಯಲ್ಲಿ ಮಾಡಿಸಿ. ಲೇಸರ್ ಯಾರ ಕಣ್ಣಿಗೂ ಬೀಳದಿರಲಿ. ಪೆನ್ನು ಮರುಜೋಡಿಸುವಾಗ ಸ್ಪ್ರಿಂಗ್ ಹಾರುತ್ತದೆ, ಬೆರಳು ಅಡ್ಡವಿಡಿ. ನಮ್ಮದು ಇನ್ನೂ ಸಿಕ್ಕಿಲ್ಲ.

— ಸಂ.